ಅಂಟಿಸುವ ಮಾಸ್ಕ್ ಸಿಗುತ್ತದೆಯೇ?

ಲೋಕದ ವ್ಯವಹಾರವೆಲ್ಲ ನಮ್ಮ ಯಜಮಾನರಿಗೆ ನೆನಪಾಗುವುದು ಮೂಗಿನ ಮೇಲೆ ಸಿಪ್ಯಾಪ್ ಮಾಸ್ಕ್ ಕುಳಿತ ಮೇಲೆಯೇ. ಸಿಪ್ಯಾಪ್ ಎಂದರೆ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿಯಿಡೀ ಮಾಸ್ಕಿನ ಮೂಲಕ ಗಾಳಿ ಊದುವ ಯಂತ್ರ. ಸಂಜೆಯಿಂದ ಪತ್ರಿಕೆಯ ಹಿಂದೆ ಮೌನವ್ರತ ಹಿಡಿದಿದ್ದವರು, ನಾನು ಯಂತ್ರದ ಡಬ್ಬಿಗೆ ಡಿಸ್ಟಿಲ್ಡ್ ನೀರು ತುಂಬಿ, ತಲೆಯ ಹಿಂದಿನ ಪಟ್ಟಿಗಳನ್ನು ಬಿಗಿದು, ದೀಪ ಆರಿಸಿದ ಮರುಕ್ಷಣ ಬಾಯಿ ತೆರೆಯುತ್ತಾರೆ. ಮೂಗಿನಿಂದ ಒಳಹೋಗಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕಾದ ಗಾಳಿ, ತೆರೆದ ಬಾಯಿಯಿಂದ ಭುಸ್ಸೆಂದು ಹೊರನುಗ್ಗುವಾಗ ವ್ಯಂಜನಗಳನ್ನೂ ಎಳೆದುಕೊಂಡು ಹೋಗುತ್ತದೆ.

ನಿನ್ನೆ ರಾತ್ರಿ ಅವರು, "ಹ್ಯಾಸ್ ಹುಕ್ ಹಾಡಿದ್ಯಾ?" ಎಂದರು.

"ಈ ಹೊತ್ತಿನಲ್ಲಿ ಹಾಡುವುದೇ?" ಎಂದೆ.

ಅದನ್ನೇ ಇನ್ನಷ್ಟು ಜೋರಾಗಿ ಹೇಳಿದರು, ಗಾಳಿಯೂ ಜೋರಾಯಿತು. ಕೈಸನ್ನೆಯಲ್ಲಿ ಉರುಟಾದ ಏನನ್ನೋ ತೋರಿಸಿದರು. ನಾನು ಕುಂಬಳಕಾಯಿ ಎಂದೆ. ಕೊನೆಗೆ ಮಾಸ್ಕ್ ಕಿತ್ತೆಸೆದು, "ಗ್ಯಾಸ್! ಗ್ಯಾಸ್ ಬುಕ್ ಮಾಡಿದ್ಯಾ ಅಂದೆ ಕಣೇ!" ಎಂದು ಗುಡುಗಿದರು. ಆ ಸಿಲಿಂಡರ್ ಮಧ್ಯಾಹ್ನವೇ ಬಂದಿತ್ತು. ಹುಡುಗನಿಗೆ ಓಟಿಪಿ ಹೇಳಿದವರೂ ಇವರೇ. ಮತ್ತೆ ಪಟ್ಟಿ ಬಿಗಿದೆ. ಅವರು ನಿದ್ದೆ ಹೋದರು, ನಾನು ಸೂರು ನೋಡುತ್ತ ಮಲಗಿದೆ.

ರಾತ್ರಿಗೆ ಕನಿಷ್ಠ 4 ಗಂಟೆಯಾದರೂ ಹಾಕಿಕೊಳ್ಳಲೇಬೇಕೆಂದು ವೈದ್ಯರು ಹೇಳಿದ್ದನ್ನು ಇವರು ಪರೀಕ್ಷೆಯ ಪಾಸು ಅಂಕವೆಂದು ತಿಳಿದಿದ್ದಾರೆ. ನಡುರಾತ್ರಿ ಬಚ್ಚಲಿಗೆ ಎದ್ದವರು ಹಿಂದಿರುಗಿ ಬರಿಮುಖದಲ್ಲೇ ಮಲಗುತ್ತಾರೆ. ಬೆಳಗಿನ ಜಾವಕ್ಕೆ ಉಸಿರು ಹೆಚ್ಚು ತಡೆಯುವುದುಂಟು ಎಂದು ನಾನೆಷ್ಟು ಹೇಳಿದರೂ, "ಪಾಸಾಗಿದೆಯಲ್ಲ" ಎಂಬುದೇ ಉತ್ತರ.

ಈ ಚಿಕಿತ್ಸೆಯನ್ನು ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಲೋಕಕ್ಕೆ ತಿಳಿಸಿದರು. ಆರಂಭದ ರೋಗಿಗಳಿಗೆ ಅವರವರ ಮುಖದ ಅಚ್ಚಿನಿಂದ ಮಾಸ್ಕ್ ಮಾಡಿ, ಅದನ್ನು ಪ್ರತಿರಾತ್ರಿ ಅಂಟು ಹಚ್ಚಿ ಕೂರಿಸುತ್ತಿದ್ದರಂತೆ. ವಿಜ್ಞಾನ ಮುಂದುವರಿದು ಆ ಅಂಟನ್ನು ಕೈಬಿಟ್ಟದ್ದು ಯಾರ ಅನುಕೂಲಕ್ಕೋ ನಾನರಿಯೆ, ಹೆಂಡತಿಯರನ್ನಂತೂ ಕೇಳಿರಲಾರರು.

ಆದರೂ ಯಂತ್ರ ಬರುವ ಮುಂಚಿನ ರಾತ್ರಿಗಳು ನೆನಪಾದರೆ ಸಿಟ್ಟು ತುಸು ಇಳಿಯುತ್ತದೆ. ಗೊರಕೆ ಫಕ್ಕನೆ ನಿಲ್ಲುತ್ತಿತ್ತು. ಮುಂದಿನ ಉಸಿರು ಬರುವವರೆಗೆ ನಾನೂ ಉಸಿರು ಬಿಗಿಹಿಡಿದು ಅವರ ಎದೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಬೆಳಿಗ್ಗೆ ಅವರಿಗೆ ಅದಾವುದರ ಅರಿವೂ ಇರುತ್ತಿರಲಿಲ್ಲ.

ಈಗ ಇದೇ ಮಹಾಶಯರು, ಹೊಸದಾಗಿ ಯಂತ್ರ ಕೊಂಡ ಸಹೋದ್ಯೋಗಿಗೆ ಫೋನಿನಲ್ಲಿ, "ಮನಸ್ಸು ಗಟ್ಟಿ ಮಾಡ್ಕೋಬೇಕು ಅಷ್ಟೇ ಸ್ವಾಮಿ" ಎಂದು ಉಪದೇಶ ಮಾಡುತ್ತಾರೆ. ಆತನ ಪತ್ನಿ ಗುಟ್ಟಾಗಿ ನನಗೆ ಕರೆ ಮಾಡಿ ನಿಜ ಸಂಗತಿ ಕೇಳಿದರು. ರೂಢಿಯಾಗಲು ಹಗಲಿನಲ್ಲೂ ಟಿವಿ ನೋಡುವಾಗ ಸ್ವಲ್ಪ ಹೊತ್ತು ಹಾಕಿಸಿರೆಂದೆ.

"ನನ್ನ ಧಾರಾವಾಹಿಯ ಹೊತ್ತಿಗೆ ಹಾಕಿಸಲೇ?" ಎಂದು ಆಕೆ ಕೂಡಲೇ ಕೇಳಿದರು. "ಜಾಹೀರಾತು ಬಂದಾಗಲೂ ತೆಗೆಯಬಾರದು ತಾನೇ?"