ತುಳುವಿನಲ್ಲಿ ಮಾತು, ಕನ್ನಡದಲ್ಲಿ ಕಾಗದ

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಆಡುವ ಮಾತು ತುಳು, ಪೇಟೆಯಲ್ಲಿ ಆಡುವುದು ಮಲಯಾಳ, ಬರೆಯುವುದು ಕನ್ನಡ. ಕಾಸರಗೋಡಿನ ಅನೇಕ ಮನೆಗಳ ಕ್ರಮವೇ ಇದು. 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ, ನಮ್ಮ ಹಿರಿಯರು ಊರು ಬಿಟ್ಟು ಕದಲದೆಯೇ ಹೊರನಾಡ ಕನ್ನಡಿಗರಾದರು. ದೂರದಲ್ಲಿರುವ ಮಕ್ಕಳೊಡನೆ, ಒಡಹುಟ್ಟಿದವರೊಡನೆ ಹೇಗೆ ಮಾತನಾಡಬೇಕು, ಕಾಗದವೋ ಕರೆಯೋ ಧ್ವನಿಸಂದೇಶವೋ ಎಂಬುದು ಉಳಿದ ಕಡೆ ಅನುಕೂಲದ ವಿಚಾರವಾಗಿರಬಹುದು. ನಮ್ಮಲ್ಲಿ ಆ ಆಯ್ಕೆಯ ಜೊತೆಗೆ ಕುಟುಂಬದೊಳಗೆ ಯಾವ ಭಾಷೆ ಉಳಿಯುತ್ತದೆ ಎಂಬುದೂ ತೀರ್ಮಾನವಾಗಿಬಿಡುತ್ತದೆ. ಇದನ್ನು ನಾನು ತಿಳಿದುಕೊಂಡದ್ದು ತಡವಾಗಿ.

ನನ್ನ ಸೋದರಮಾವ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಹೋಟೆಲೊಂದರಲ್ಲಿ ಕೆಲಸಕ್ಕೆ ನಿಂತವರು. ಹಗಲು ಲೋಟ ತೊಳೆದು, ರಾತ್ರಿ ಅಲ್ಲಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ತಿಂಗಳಿಗೊಂದು ಇನ್‌ಲ್ಯಾಂಡ್ ಕಾಗದ ಅವರಿಂದ ಬರುತ್ತಿತ್ತು. ಅಜ್ಜಿಗೆ ಅಕ್ಷರ ತಿಳಿಯದು. ಐದನೆಯ ತರಗತಿಯಲ್ಲಿದ್ದ ನಾನು ಚಾವಡಿಯಲ್ಲಿ ಕುಳಿತು ಅದನ್ನು ಓದಬೇಕು, ಓದಿದ ಪ್ರತಿ ವಾಕ್ಯವನ್ನು ತುಳುವಿನಲ್ಲಿ ತಿಳಿಯಹೇಳಬೇಕು, ಬಳಿಕ ಅಜ್ಜಿ ತುಳುವಿನಲ್ಲಿ ಹೇಳಿದ ಉತ್ತರವನ್ನು ಕನ್ನಡದಲ್ಲಿ ಬರೆಯಬೇಕು. ಅಜ್ಜಿ, "ಆಯಗ್ ವನಸ್ ಸರಿ ಆಪುಂಡಾ, ಕೇನ್" ಎನ್ನುತ್ತಿದ್ದರು. ನಾನು, "ನಿನ್ನ ಊಟೋಪಚಾರಗಳು ಸರಿಯಾಗಿ ನಡೆಯುತ್ತಿರುವವೇ ಎಂದು ತಿಳಿಸುವುದು" ಎಂದು ಬರೆಯುತ್ತಿದ್ದೆ. ಓದಿ ಮುಗಿದ ಕಾಗದಗಳನ್ನು ಬಾಗಿಲ ಪಕ್ಕದ ತಂತಿಗೆ ಚುಚ್ಚಿ ಇಡಲಾಗುತ್ತಿತ್ತು. ಶಾಲೆಯ ಪಾಠಪುಸ್ತಕಕ್ಕಿಂತ ಹೆಚ್ಚು ಕನ್ನಡವನ್ನು ನಾನು ಆ ತಂತಿಯಿಂದಲೇ ಕಲಿತೆನೆಂದು ಈಗ ಅನ್ನಿಸುತ್ತದೆ.

ಆ ಕಾಗದಗಳ ಭಾಷೆ ನಮ್ಮ ಮನೆಯವರು ಯಾರೂ ಬಾಯಲ್ಲಿ ಆಡದ ಭಾಷೆ. "ತೀರ್ಥರೂಪ ಮಾತೃಶ್ರೀಯವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು" ಎಂದು ಆರಂಭವಾಗಿ, "ಇತ್ತ ನಾನು ಕ್ಷೇಮ, ಅತ್ತ ತಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಸುವುದು" ಎಂದು ಮುಂದುವರಿಯುತ್ತಿತ್ತು. ಇದು ಕೇವಲ ಒಣ ಒಕ್ಕಣೆ, ಹೃದಯದ ಮಾತಲ್ಲ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ನನ್ನ ಅನುಭವ ಅದಕ್ಕೆ ವಿರುದ್ಧವಾಗಿದೆ. ಮಾವ ಊರಿಗೆ ಬಂದಾಗ ಅಜ್ಜಿಯೊಡನೆ ತುಳುವಿನಲ್ಲಿ ಆಡುತ್ತಿದ್ದುದು ಅಡಕೆಯ ಬೆಲೆ, ಗದ್ದೆಯ ನೀರು, ದನದ ಕರು ಇಷ್ಟನ್ನೇ. ಆದರೆ ಅದೇ ಮಾವ ಒಂದು ಕಾಗದದಲ್ಲಿ, "ಮಳೆ ಹಿಡಿದ ರಾತ್ರಿಗಳಲ್ಲಿ ತಮ್ಮ ನೆನಪು ಬಂದು ನಿದ್ರೆ ಬರುವುದಿಲ್ಲ" ಎಂದು ಬರೆದಿದ್ದರು. ಎದುರು ನಿಂತು ತುಳುವಿನಲ್ಲಿ ಈ ಮಾತನ್ನು ಹೇಳಲು ಅವರ ನಾಲಿಗೆ ಏಳುತ್ತಿರಲಿಲ್ಲ. ಗ್ರಾಂಥಿಕ ಕನ್ನಡ ಕೊಟ್ಟ ಸ್ವಲ್ಪ ದೂರವೇ ಅವರಿಗೆ ಆ ಧೈರ್ಯವನ್ನು ಕೊಟ್ಟಿತ್ತು. ಅದನ್ನು ತುಳುವಿಗೆ ತಿರುಗಿಸಿ ಅಜ್ಜಿಗೆ ಹೇಳುವಾಗ ನನಗೂ ನಾಚಿಕೆಯಾಗಿ, ಅರ್ಧ ಹೇಳಿ ನಿಲ್ಲಿಸಿದ್ದು ನೆನಪಿದೆ. ಅಜ್ಜಿಗೆ ಉಳಿದರ್ಧ ಅರ್ಥವಾಗಿತ್ತು.

ನಂತರದ ಬದಲಾವಣೆಗಳು ಎಲ್ಲರಿಗೂ ತಿಳಿದಿರುವಂಥವೇ. ಪೇಟೆಯ ಎಸ್‌ಟಿಡಿ ಬೂತಿನಲ್ಲಿ, ರಾತ್ರಿ ದರ ಇಳಿಯುವುದನ್ನು ಕಾದು, ಮೀಟರಿನ ಕೆಂಪು ಅಂಕಿಗಳನ್ನು ನೋಡುತ್ತ ಮಾತನಾಡಿದ ಕಾಲವಿತ್ತು. 2003ರಲ್ಲಿ ಮೊಬೈಲಿನ ಒಳಬರುವ ಕರೆಗಳಿಗೆ ಹಣ ಕೊಡಬೇಕಾದ ಪದ್ಧತಿ ಹೋಯಿತು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ಮುಚ್ಚಿತು. ಅದೇ ವರ್ಷ ವಾಟ್ಸ್‌ಆ್ಯಪಿನಲ್ಲಿ ಗುಂಡಿಯೊಂದನ್ನು ಒತ್ತಿ ಧ್ವನಿ ಕಳುಹಿಸುವ ಸೌಲಭ್ಯ ಬಂತು. 2016ರಿಂದೀಚೆಗೆ ಇಂಟರ್ನೆಟ್ ಅಗ್ಗವಾದ ಮೇಲೆ ಅದು ನಮ್ಮ ಹಳ್ಳಿಗಳ ಹಿರಿಯರ ಕೈಗೂ ತಲುಪಿತು.

ಧ್ವನಿಸಂದೇಶವನ್ನು ನಾನು ಹಗುರವಾಗಿ ಕಾಣುವವನಲ್ಲ. ಉಪ್ಪಳದ ಕಡೆಯ ಕೊಲ್ಲಿ ಕುಟುಂಬಗಳಿಗೆ ಇದರ ಪೂರ್ವರೂಪ ಮೊದಲೇ ಗೊತ್ತಿತ್ತು. ದುಬಾಯಿಯಿಂದ ರಜೆಯಲ್ಲಿ ಬರುವವರ ಕೈಯಲ್ಲಿ ಮಗ ಮಾತು ತುಂಬಿಸಿ ಕಳುಹಿಸಿದ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ ಮನೆಮಂದಿಯೆಲ್ಲ ಸುತ್ತ ಕುಳಿತು ಕೇಳುತ್ತಿದ್ದ ದಿನಗಳವು. ಎಪ್ಪತ್ತೆಂಟು ವರ್ಷದ ನನ್ನ ಅಮ್ಮನಿಗೆ ಈಗ ಕಣ್ಣು ಮಂಜು, ಕರೆಯಲ್ಲಿ ಮೊಮ್ಮಗಳು ವೇಗವಾಗಿ ಆಡಿದ ಮಾತು ಹಿಡಿಯುವುದಿಲ್ಲ. ಧ್ವನಿಸಂದೇಶವಾದರೆ ಕಿವಿಗೆ ಒತ್ತಿ ಹಿಡಿದು ಮೂರು ಸಲ ಕೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳಿಗೂ ಅದೇ ಹಿತ. ತನಗೆ ಬಿಡುವಾದಾಗ ಕೇಳಿ ಉತ್ತರಿಸಬಹುದು, ಕರೆಯ ಹಾಗೆ ಅದು ತಕ್ಷಣ ಎದ್ದು ಬಾ ಎಂದು ಒತ್ತಾಯಿಸುವುದಿಲ್ಲ. ಅಜ್ಜಿ ಮೊಮ್ಮಗಳ ನಡುವೆ ತುಳು ಇಂದಿಗೂ ಹಸುರಾಗಿದ್ದರೆ ಅದಕ್ಕೆ ಈ ಗುಂಡಿಯೇ ಕಾರಣ.

ವಿಡಿಯೊ ಕರೆಯ ಬೆಲೆ ನಮಗೆ ತಿಳಿದದ್ದು 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾದ ಕಾರಣ ಕರ್ನಾಟಕ ಕೇರಳಗಳ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ. ಮಂಜೇಶ್ವರ, ಉಪ್ಪಳದವರಿಗೆ ಆಸ್ಪತ್ರೆ, ಕಾಲೇಜು, ನೆಂಟಸ್ತಿಕೆ ಎಲ್ಲವೂ ಮಂಗಳೂರು. ಒಂದು ಗಂಟೆಯ ದಾರಿಯಲ್ಲಿದ್ದ ಅಣ್ಣ ತಮ್ಮಂದಿರು ಆ ದಿನಗಳಲ್ಲಿ ಪರದೇಶದಲ್ಲಿದ್ದವರಂತಾದರು. ನಮ್ಮ ದೊಡ್ಡಮ್ಮ ತೀರಿಕೊಂಡಾಗ ಅವರ ಕಿರಿಯ ಮಗ ಮಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ತಾಯಿಯ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದ. ಈಚೆಯಿಂದ ಫೋನು ಹಿಡಿದು ನಿಂತವನು ನಾನು. ನನ್ನ ಕೈ ನಡುಗಿದಾಗ ಅವನಿಗೆ ಕಂಡದ್ದು ಹಲಸಿನ ಮರದ ಗೆಲ್ಲು ಮಾತ್ರ. "ಅಣ್ಣಾ, ಸ್ವಲ್ಪ ಕೆಳಗೆ ಹಿಡಿಯಿರಿ" ಎಂದು ಅವನು ಕೇಳಿದ ಧ್ವನಿಯನ್ನು ನಾನು ಮರೆಯಲಾರೆ. ಆ ಪರದೆಯೂ ಇಲ್ಲದಿದ್ದರೆ ಅವನ ಗತಿ ಏನಾಗುತ್ತಿತ್ತು ಎಂದು ಯೋಚಿಸಿದವನಾದ್ದರಿಂದ, ಹೊಸ ಸಾಧನಗಳನ್ನು ನಿಂದಿಸುವ ಬರಹಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ.

ಹಾಗಿದ್ದರೂ ಗಡಿಯ ಆಚೆಗೂ ಈಚೆಗೂ ಇರುವ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಮಂಗಳೂರಿನ ನನ್ನ ನೆಂಟರೂ ತುಳುವರೇ, ಅವರೂ ಕಾಗದ ಬರೆಯುವುದನ್ನು ಬಿಟ್ಟಿದ್ದಾರೆ. ಅದರಿಂದ ಅವರ ಮಕ್ಕಳ ಕಣ್ಣಿನಿಂದ ಕನ್ನಡ ಮರೆಯಾಗುವುದಿಲ್ಲ. ಬಸ್ಸಿನ ಬೋರ್ಡಿನಲ್ಲಿ, ಪಡಿತರ ಚೀಟಿಯಲ್ಲಿ, ಸರಕಾರಿ ನೋಟೀಸಿನಲ್ಲಿ ಅದು ತಾನಾಗಿ ಎದುರಾಗುತ್ತದೆ. ನಮ್ಮ ಕಡೆ ಬೋರ್ಡು, ಅರ್ಜಿ, ರಶೀದಿಗಳಲ್ಲಿ ಮೊದಲು ಕಾಣುವುದು ಮಲಯಾಳ. ಕನ್ನಡಕ್ಕೆ ಉಳಿದಿರುವ ಜಾಗಗಳು ಕನ್ನಡ ಮಾಧ್ಯಮದ ಶಾಲೆ, ಯಕ್ಷಗಾನ, ದೇವಸ್ಥಾನದ ಆಮಂತ್ರಣ, ದಿನಪತ್ರಿಕೆ, ಮತ್ತು ಒಂದು ಕಾಲದಲ್ಲಿ ಮನೆಯ ಕಾಗದ. ಇವುಗಳಲ್ಲಿ ಪ್ರೀತಿಯ ಮಾತನ್ನು ಹೊತ್ತು ತರುತ್ತಿದ್ದುದು ಕಾಗದವೊಂದೇ. ಅದು ಹೋಗಿ ಅದರ ಜಾಗಕ್ಕೆ ಧ್ವನಿ ಬಂದಾಗ ತುಳು ಉಳಿಯಿತು, ಆದರೆ ತಂದೆ ಮಕ್ಕಳ ನಡುವಿನಿಂದ ಕನ್ನಡ ಸದ್ದಿಲ್ಲದೆ ಎದ್ದುಹೋಯಿತು. ಒಂದೇ ಫೋನು, ಒಂದೇ ಆ್ಯಪು. ತಲಪಾಡಿಯಿಂದ ಈಚೆಗೆ ಅದರ ಪರಿಣಾಮ ಮಾತ್ರ ಬೇರೆ.

ಟೈಪು ಮಾಡಿದ ಸಂದೇಶ ಈ ಕೊರತೆಯನ್ನು ತುಂಬಬಹುದಿತ್ತು. ಇಂದು ಪ್ರತಿ ಫೋನಿನಲ್ಲಿ ಕನ್ನಡ ಕೀಲಿಮಣೆ ಇದೆ, ಬಾಯಲ್ಲಿ ಹೇಳಿದರೆ ಕನ್ನಡದಲ್ಲಿ ಬರೆದುಕೊಡುವ ಅನುಕೂಲವೂ 2017ರಿಂದ ಇದೆ. ಆದರೂ ನಮ್ಮ ಹುಡುಗರು ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡ ಲಿಪಿಯಲ್ಲಿಯೇ ತುಳುವನ್ನು ಬರೆಯುವ ಕೆಲವರಿದ್ದಾರೆ, ಅವರ ಸಂದೇಶ ಬಂದರೆ ನನಗೆ ಹಬ್ಬ. ನಮ್ಮ ತಲೆಮಾರಿನವರಿಗೆ ತುಳುವನ್ನು ಕಾಗದದಲ್ಲಿ ಬರೆಯಬಹುದೆಂದು ಹೊಳೆದೇ ಇರಲಿಲ್ಲ. ತುಳುವಿನ ಹಳೆಯ ಲಿಪಿಗೆ 2024ರಲ್ಲಿ ಯೂನಿಕೋಡ್, ಅಂದರೆ ಕಂಪ್ಯೂಟರು ಫೋನುಗಳ ಸರ್ವಸಮಾನ ಅಕ್ಷರ ಸಂಕೇತದ, ಮಾನ್ಯತೆ ದೊರೆತದ್ದು ಸಂತೋಷದ ವಿಷಯವೇ, ಆದರೆ ಮನೆಯ ಸುದ್ದಿ ಬರೆಯಲು ಸದ್ಯ ನಮ್ಮ ಕೈಗೆ ಒಗ್ಗಿರುವುದು ಕನ್ನಡದ ಅಕ್ಷರವೇ.

ಎರಡು ವರ್ಷಗಳಿಂದ ನಾನು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಒಂದು ಪುಟ ಕಾಗದವನ್ನು ಕೈಯಲ್ಲಿ ಬರೆದು, ಅದರ ಫೋಟೊ ತೆಗೆದು ಮಗಳಿಗೂ ಕೊಚ್ಚಿಯಲ್ಲಿರುವ ತಂಗಿಯ ಮಗನಿಗೂ ಕಳುಹಿಸುತ್ತೇನೆ. ಇನ್‌ಲ್ಯಾಂಡ್ ಕಾಗದ ಇಂದಿಗೂ ಎರಡೂವರೆ ರೂಪಾಯಿಗೆ ಅಂಚೆ ಕಚೇರಿಯಲ್ಲಿ ಸಿಗುತ್ತದೆ, ವರ್ಷಕ್ಕೆ ನಾಲ್ಕೈದನ್ನು ಅಂಚೆಗೇ ಹಾಕುತ್ತೇನೆ. ಉಳಿದವಕ್ಕೆ ಫೋಟೊ ಸಾಕು. ಹೊತ್ತು ತರುವುದು ಯಾವುದೆಂಬುದರಲ್ಲಿ ನನಗೆ ಹಟವಿಲ್ಲ, ಕೈಬರಹ ಮತ್ತು ಕನ್ನಡ ಎರಡೂ ತಲುಪಿದರೆ ಆಯಿತು. ಮಗಳು ತುಳುವಿನಲ್ಲಿ ಮಾತಾಡಿ ಉತ್ತರಿಸುತ್ತಾಳೆ. ಮಲಯಾಳ, ಇಂಗ್ಲಿಷ್ ಓದಿ ಬೆಳೆದ ಸೋದರಳಿಯನಿಗೆ ಕನ್ನಡವನ್ನು ಅಕ್ಷರ ಕೂಡಿಸಿ ಓದಬೇಕಾಗುತ್ತದೆ. ಆದ್ದರಿಂದ ಅವನು ನನ್ನ ಕಾಗದವನ್ನೇ ಗಟ್ಟಿಯಾಗಿ ಓದಿ, ಅದನ್ನು ಧ್ವನಿಸಂದೇಶವಾಗಿ ನನಗೆ ತಿರುಗಿ ಕಳುಹಿಸುತ್ತಾನೆ, ತಪ್ಪಿದಲ್ಲಿ ತಿದ್ದಿರೆಂದು ಕೇಳುತ್ತಾನೆ. ಕಳೆದ ವಾರ "ಉಭಯಕುಶಲೋಪರಿ" ಎಂಬಲ್ಲಿ ಮೂರು ಸಲ ಎಡವಿ, ನಾಲ್ಕನೆಯ ಸಲ ದಾಟಿ, "ಇದರ ಅರ್ಥ ಏನು ಮಾವ?" ಎಂದು ಕೇಳಿದ್ದಾನೆ. ಅಮ್ಮ ಅದನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದರು. ಮುಂದಿನ ಕಾಗದದಲ್ಲಿ ತನ್ನದೂ ಎರಡು ಸಾಲು ಸೇರಬೇಕೆಂದು ಹೇಳಿ, ಏನು ಬರೆಯಬೇಕೆಂಬುದನ್ನು ತುಳುವಿನಲ್ಲಿ ಹೇಳಿದ್ದಾರೆ. ಅದನ್ನು ಕನ್ನಡಕ್ಕೆ ತರುವ ಕೆಲಸ ಮತ್ತೆ ನನ್ನ ಪಾಲಿಗೇ ಬಂದಿದೆ.