ಕ್ಯಾಂಪಿನವರು ಊರಿನವರಾಗೋದು ಯಾವಾಗ?

ನಾನು ಸಿಂಧನೂರು ಕಡೆಯವನು. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಊರುಗಳನ್ನು ನಮ್ಮಲ್ಲಿ ಇವತ್ತಿಗೂ ‘ಕ್ಯಾಂಪ್’ ಅಂತಲೇ ಕರೆಯುತ್ತೇವೆ. ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರೂ ಅವರು ಕ್ಯಾಂಪಿನವರೇ. ಬುಡಾಪೆಸ್ಟಿಗೆ ಬಂದು, ಒಂದು ಶನಿವಾರ ಸಾರ್ವಾಶ್ ನೋಡುವ ತನಕ ಈ ಮಾತು ನನಗೆ ವಿಚಿತ್ರ ಅನಿಸಿರಲಿಲ್ಲ.

ಸಾರ್ವಾಶ್ ಹಂಗೇರಿಯ ಬಯಲುಸೀಮೆಯ ಸಣ್ಣ ಊರು, ಕೊರೊಶ್ ಹೊಳೆಯ ಹಳೇ ಪಾತ್ರದ ದಂಡೆಯಲ್ಲಿದೆ. ತುರ್ಕರ ಕಾಲದ ಯುದ್ಧಗಳಲ್ಲಿ ಆ ಸೀಮೆ ಹಾಳುಬಿದ್ದಿತ್ತು. ಆಮೇಲೆ, ಸೈನ್ಯಕ್ಕೆ ದಿನಸಿ ಒದಗಿಸುತ್ತಿದ್ದ ಹಾರುಕ್ಕರ್ನ್ ಎಂಬ ಆಸ್ಟ್ರಿಯದವನ ಕೈಗೆ ಬೇಕೇಶ್ ಜಿಲ್ಲೆಯ ಬಹುಪಾಲು ಜಮೀನು ಸೇರಿತು. ಭೂಮಿ ಇತ್ತು, ಉಳೋರು ಇರಲಿಲ್ಲ. 1722ರಲ್ಲಿ ಉತ್ತರದ ಗುಡ್ಡಗಾಡಿನಿಂದ ಸ್ಲೋವಾಕರು ಬಂದು ಇಲ್ಲಿ ನೆಲೆಸಿದರು. ಲೂಥರನ್ ಕ್ರೈಸ್ತರು, ಮಾತೂ ಬೇರೆ.

1767ರಲ್ಲಿ ಪಾದ್ರಿಯಾಗಿ ಬಂದ ಶಾಮುಯೆಲ್ ತೆಶೆದಿಕ್ ಬರೀ ಪ್ರಾರ್ಥನೆ ಮಾಡಿಸಿಕೊಂಡು ಕೂತವನಲ್ಲ. ಚೌಳು ನೆಲದಲ್ಲಿ ಏನು ಬೆಳೆಯಬಹುದು ಅಂತ ತಲೆಕೆಡಿಸಿಕೊಂಡ. ಮುಳ್ಳಿನ ಅಕಾಟ್ಸ್ ಮರ ನೆಡಿಸಿದ, ರೈತರ ಮಕ್ಕಳಿಗೆ ಬೇಸಾಯ ಕಲಿಸುವ ಶಾಲೆ ತೆರೆದ. ಚೌಳು ಅಂದ ಕೂಡಲೇ ನಮ್ಮ ಕಡೆಯ ಗದ್ದೆಗಳ ಬದು ನೆನಪಾಯಿತು. ಬೇಸಿಗೆಯಲ್ಲಿ ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಕಟ್ಟಿರುತ್ತದಲ್ವಾ, ಅದೇ.

ಆ ಊರಿನವರು ‘ನಾವು 1722ರಲ್ಲಿ ಬಂದವರು’ ಅಂತ ಇಸವಿ ಸಮೇತ ಹೇಳುತ್ತಾರೆ. ನಮ್ಮಲ್ಲಿ ಯಾರನ್ನೇ ಕೇಳಿ, ತಲತಲಾಂತರದಿಂದ ಇಲ್ಲೇ ಇದ್ದೇವೆ ಅನ್ನುತ್ತಾರೆ. ಬಂದವರು ಅಂತ ಹೇಳಿಕೊಳ್ಳೋದು ನಮಗೆ ಅವಮಾನ. ನನ್ನ ಆಫೀಸಿನಲ್ಲಿ ‘ತೋತ್’ ಅನ್ನುವ ಅಡ್ಡಹೆಸರಿನವರು ಇಬ್ಬರಿದ್ದಾರೆ. ತೋತ್ ಅಂದರೆ ಹಳೇ ಮಾತಿನಲ್ಲಿ ಸ್ಲೋವಾಕ. ‘ನೆಮೆತ್’ ಅಂದರೆ ಜರ್ಮನ್, ‘ಹೊರ್ವಾತ್’ ಅಂದರೆ ಕ್ರೊವಾತ್. ಹಂಗೇರಿಯಲ್ಲಿ ತೀರಾ ಸಾಮಾನ್ಯವಾದ ಹೆಸರುಗಳೇ ಇವು.

ಹಾಗಂತ ಅಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯದ ಜೊತೆ ಜನರನ್ನೇ ಅದಲುಬದಲು ಮಾಡಿಕೊಂಡರು. ಹಂಗೇರಿಯಿಂದ 70 ಸಾವಿರಕ್ಕೂ ಜಾಸ್ತಿ ಸ್ಲೋವಾಕರು ಹೊರಟರು. ಇನ್ನೂರು ವರ್ಷ ಉತ್ತ ನೆಲ ಬಿಟ್ಟು, ಕಂಡೇ ಇರದ ‘ಸ್ವಂತ ದೇಶ’ಕ್ಕೆ. ಸಾರ್ವಾಶಿನಲ್ಲಿ ಉಳಿದವರಿಗೆ ಈಗಲೂ ಸ್ಲೋವಾಕ್ ಶಾಲೆಯಿದೆ. ಬೀದಿಯಲ್ಲಿ ನನ್ನ ಕಿವಿಗೆ ಬಿದ್ದದ್ದು ಮಾತ್ರ ಬರೀ ಹಂಗೇರಿಯನ್.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ‘ಭತ್ತ ಕೊಯ್ಲಿಗೆ ಮಷಿನ್ ಸಿಕ್ಕಿರಲಿಲ್ಲ, ಕೊನೆಗೆ ಆ ಕ್ಯಾಂಪಿನ ಹುಡುಗನೇ ಕಳಿಸಿದ’ ಅಂದರು. ಆ ಹುಡುಗನಿಗೆ ಈಗ ಐವತ್ತು ದಾಟಿದೆ. ಹುಟ್ಟಿದ್ದು ಸಿಂಧನೂರಿನಲ್ಲೇ.