ಹಾವನ್ನೂ ಬಿಡದೆ ಮಾರಿದರು
ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಯಾವಾಗಲೂ ಬಡಪಾಯಿ ವೇಷ ಹಾಕುತ್ತಾರೆ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. 2009ರಲ್ಲಿ ಟೇಲರ್ ಪ್ರಶಸ್ತಿ ಪಡೆಯುತ್ತಿದ್ದಾಗ ರ್‍ಯಾಪ್ ಗಾಯಕ ಕಾನ್ಯೆ ವೆಸ್ಟ್ ವೇದಿಕೆಗೆ ನುಗ್ಗಿ ಮೈಕ್ ಕಿತ್ತುಕೊಂಡರಲ್ಲ, ಆಗ ಟೇಲರ್‌ಗೆ ಇನ್ನೂ 19. ಅದರಲ್ಲಿ ನಾಟಕ ಎಲ್ಲಿತ್ತು ಹೇಳಿ? 2016ರಲ್ಲಿ ಕಾನ್ಯೆ ತಮ್ಮ ಹಾಡಿನ ಸಾಲುಗಳ ಬಗ್ಗೆ ಟೇಲರ್ ಜೊತೆ ಆಡಿದ ಫೋನ್ ಮಾತಿನ ತುಣುಕುಗಳನ್ನು ಅವರ ಆಗಿನ ಪತ್ನಿ ಕಿಮ್ ಕರ್ದಾಶಿಯನ್ ಸ್ನ್ಯಾಪ್‌ಚಾಟ್‌ಗೆ ಹಾಕಿದ್ದೇ ತಡ, ಟೇಲರ್ ಅವರ ಇನ್‌ಸ್ಟಾಗ್ರಾಂ ತುಂಬ ‘ಕಪಟಿ’ ಅಂತ ಹೀಯಾಳಿಸುವ ಹಾವಿನ ಇಮೋಜಿ. ಸುಳ್ಳು ಯಾಕೆ ಹೇಳಲಿ, ಟೇಲರ್ ಆ ಸಾಲುಗಳಿಗೆ ಮೊದಲೇ ಒಪ್ಪಿದ್ದರು ಅನ್ನುವ ಕಿಮ್ ಮಾತನ್ನು ನಾನೂ ಆಗ ನಂಬಿದ್ದೆ. 2020ರಲ್ಲಿ ಅದೇ ಫೋನ್ ಮಾತಿನ ಉದ್ದನೆಯ ರೆಕಾರ್ಡಿಂಗ್ ಸೋರಿಕೆಯಾಯಿತು ನೋಡಿ, ತಕರಾರಿಗೆ ಕಾರಣವಾದ, ಟೇಲರ್ ಅವರನ್ನು ಬೈಯುವ ಹಾಡಿನ ಸಾಲು ಅದರಲ್ಲಿ ಇರಲೇ ಇಲ್ಲ!

ಆದರೆ 2018ರ ಟೂರ್‌ನಲ್ಲಿ ಗಾಳಿ ತುಂಬಿದ ದೈತ್ಯ ನಾಗರಹಾವನ್ನು ವೇದಿಕೆ ಮೇಲೆ ಎಬ್ಬಿಸಿ ನಿಲ್ಲಿಸಿದರಲ್ಲ, ಅಭಿಮಾನಿಗಳಿಗೆ ಹಾವಿನ ಉಂಗುರ ಮಾರಿದರಲ್ಲ, ಅಲ್ಲಿ ನನಗೆ ನೋವಿಗಿಂತ ವ್ಯಾಪಾರವೇ ಜಾಸ್ತಿ ಕಂಡಿತು. ಡ್ಯಾನ್ಸರ್‌ಗಳ ವಿಚಾರಕ್ಕೆ ಗಾಯಕಿ ಕೇಟಿ ಪೆರಿ ಜೊತೆ ಶುರುವಾದ ಜಗಳವೂ ಹಾಗೇ. ಕೇಟಿ 2018ರಲ್ಲೇ ರಾಜಿಯ ಗುರುತಾಗಿ ಆಲಿವ್ ಕೊಂಬೆ ಕಳಿಸಿದ್ದರು. ಅಷ್ಟಕ್ಕೇ ಮುಗಿಯಬೇಕಿತ್ತು ಅಲ್ವಾ? 2019ರ ಟೇಲರ್ ಹಾಡಿನ ವಿಡಿಯೊದಲ್ಲಿ ಕೇಟಿ ಬರ್ಗರ್, ಟೇಲರ್ ಫ್ರೆಂಚ್ ಫ್ರೈಸ್ ವೇಷ ಹಾಕಿಕೊಂಡು ಕ್ಯಾಮೆರಾ ಮುಂದೆ ಅಪ್ಪಿಕೊಂಡರು. ನಾನಂತೂ ನಕ್ಕುಬಿಟ್ಟೆ.